ಹಗ್ಗದ ತುಂಡು, ದನದ ಹೊಟ್ಟೆ



ನಿಮ್ಮ ಕೊಟ್ಟಿಗೆಯಲ್ಲಿ ಎರಡು ಬಗೆಯ ಹಗ್ಗ ಇರಬಹುದು. ಒಂದು ಪುಂಡಿ ನಾರಿನದು, ಇನ್ನೊಂದು ನೈಲಾನಿನದು. ಎರಡೂ ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಸೇರಿ ಆದವೇ. ಇಂಥ ಉದ್ದ ಸರಪಳಿಗೆ ಮಕ್ಕಳ ಶಾಲೆಯ ಪುಸ್ತಕದಲ್ಲಿ ಪಾಲಿಮರ್ ಎನ್ನುತ್ತಾರೆ. ನಾರಿನಲ್ಲಿರುವುದು ಸೆಲ್ಯುಲೋಸ್, ಗಿಡವೇ ಗ್ಲೂಕೋಸ್ ಸಕ್ಕರೆಯನ್ನು ಪೋಣಿಸಿ ಮಾಡಿದ್ದು. ನೈಲಾನನ್ನು 1935ರಲ್ಲಿ ಅಮೆರಿಕದಲ್ಲಿ ಕರೋದರ್ಸ್ ಎಂಬುವರ ತಂಡ ಮಾಡಿತು. ಎರಡು ಬಗೆಯ ಅಣುಗಳನ್ನು ಜೋಡಿಸುವಾಗ ಪ್ರತಿ ಬೆಸುಗೆಗೂ ಒಂದೊಂದು ನೀರಿನ ಅಣು ಹೊರಬೀಳುತ್ತದೆ.

ವ್ಯತ್ಯಾಸ ಎಲ್ಲಿ ಅಂತೀರಾ? ಹಸುವಿನ ಹೊಟ್ಟೆಯಲ್ಲಿ! ಅಲ್ಲಿನ ಸೂಕ್ಷ್ಮಜೀವಿಗಳು ಸೆಲ್ಯುಲೋಸಿನ ಕೊಂಡಿ ಬಿಡಿಸಬಲ್ಲವು. ಹುಲ್ಲು ಹಾಲಾಗುವುದು ಹಾಗೆಯೇ. ನೈಲಾನಿನ ಕೊಂಡಿ ಅವಕ್ಕೆ ಬಗ್ಗುವುದಿಲ್ಲ. ಬೇರೆ ಪ್ಲಾಸ್ಟಿಕ್ ಹಗ್ಗವೂ ಅಷ್ಟೆ. ಮೇವಿನೊಡನೆ ನುಂಗಿದ ತುಂಡು ಅಲ್ಲೇ ಉಳಿದು, ಗಂಟಾಗಿ, ದಾರಿ ಕಟ್ಟೀತು. ದನ ಮೇವು ಬಿಟ್ಟು ಹೊಟ್ಟೆ ಉಬ್ಬಿದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ತಿಪ್ಪೆಯಲ್ಲೂ ಇದೇ ಕಥೆ. ನಾರು ಗೊಬ್ಬರವಾಗುತ್ತದೆ, ನೈಲಾನ್ ಹೊಲಕ್ಕೆ ಹೋಗಿ ನೇಗಿಲಿಗೆ ಸುತ್ತಿಕೊಳ್ಳುತ್ತದೆ.

ನೈಲಾನ್ ಹಗ್ಗ ಗಟ್ಟಿ, ಬಳಸಬೇಡಿ ಅನ್ನುತ್ತಿಲ್ಲ. ಆದರೆ ಹೊರೆ ಬಿಚ್ಚಿದ ಕೂಡಲೇ ತುಂಡುಗಳನ್ನೆಲ್ಲ ಆರಿಸಿ, ದನದ ಬಾಯಿಗೆ ಸಿಗದಂತೆ ಎತ್ತಿಡಿ.