ಸೋಲಿಗೆ ಸಹಿ ಹಾಕಿದವರು ಯಾರು?

1918ರ ನವೆಂಬರ್ 11ರ ನಸುಕಿನಲ್ಲಿ, ಫ್ರಾನ್ಸಿನ ಕೊಂಪಿಯೆನ್ ಕಾಡಿನೊಳಗೆ ನಿಂತಿದ್ದ ರೈಲುಬೋಗಿಯೊಂದರಲ್ಲಿ ಜರ್ಮನಿಯ ಯುದ್ಧ ಮುಗಿಯಿತು. ಮೇಜಿನ ಒಂದು ಕಡೆ ಮಿತ್ರಪಡೆಗಳ ಮಹಾದಂಡನಾಯಕ ಮಾರ್ಷಲ್ ಫೋಷ್ ಕುಳಿತಿದ್ದರು. ಎದುರಿಗಿದ್ದ ಜರ್ಮನ್ ನಿಯೋಗದ ಮುಖ್ಯಸ್ಥರು ಮಾತ್ರ ದಂಡನಾಯಕರಾಗಿರಲಿಲ್ಲ. ಅವರು ಮಥಿಯಾಸ್ ಎರ್ಜ್‌ಬರ್ಗರ್; ಹಳ್ಳಿಯ ದರ್ಜಿಯೊಬ್ಬರ ಮಗ, ಶಾಲಾ ಶಿಕ್ಷಕರಾಗಿದ್ದು ಕ್ಯಾಥೊಲಿಕ್ ಸೆಂಟರ್ ಪಕ್ಷದಿಂದ ಸಂಸತ್ತಿಗೆ ಬಂದವರು. ಯುದ್ಧದ ಆರಂಭದಲ್ಲಿ ಅವರೂ ಎಲ್ಲರಂತೆ ನೆರೆಯ ನೆಲವನ್ನು ಕಬಳಿಸುವ ಕನಸು ಕಂಡವರೇ. ಆದರೆ 1917ರ ಜುಲೈನಲ್ಲಿ ಸಂಸತ್ತು ಶಾಂತಿಯ ಗೊತ್ತುವಳಿಯನ್ನು ಅಂಗೀಕರಿಸಿದಾಗ ಅದರ ಹಿಂದೆ ನಿಂತವರೂ ಅವರೇ.

ಯುದ್ಧವನ್ನು ನಡೆಸಿದವರು ಒಬ್ಬರು, ಅದರ ಸೋಲಿಗೆ ಸಹಿ ಹಾಕಿದವರು ಇನ್ನೊಬ್ಬರು. ಹುಟ್ಟಲಿದ್ದ ಗಣರಾಜ್ಯದ ಹಣೆಬರಹವನ್ನು ಈ ಅಂತರವೇ ಬಹುಮಟ್ಟಿಗೆ ಬರೆಯಿತು. ಮಹಾಯುದ್ಧವೊಂದರ ಕೊನೆಯಲ್ಲಿ ಸಾರ್ವಜನಿಕ ಬದುಕು ಎದುರಿಸುವ ಮೊದಲ ಪ್ರಶ್ನೆ ಹೊಣೆಗಾರಿಕೆಯದು. ಅದನ್ನು ಇತ್ಯರ್ಥಪಡಿಸದ ಸಮಾಜ ಏನಾಗುತ್ತದೆ ಎಂಬುದಕ್ಕೆ ಜರ್ಮನಿ ಒಂದು ದೃಷ್ಟಾಂತ.

1916ರ ಆಗಸ್ಟ್‌ನಿಂದ ಜರ್ಮನಿಯಲ್ಲಿ ಚಕ್ರವರ್ತಿ ಹೆಸರಿಗಷ್ಟೇ ಇದ್ದರು. ಅಧಿಕಾರ ಸೇನಾ ವರಿಷ್ಠರಾದ ಹಿಂಡನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್ ಅವರ ಕೈಯಲ್ಲಿತ್ತು. 1918ರ ಸೆಪ್ಟೆಂಬರ್ 29ರಂದು, ಸ್ಪಾ ಪಟ್ಟಣದ ಸೇನಾ ಕೇಂದ್ರದಲ್ಲಿ, ಕೂಡಲೇ ಕದನವಿರಾಮ ಕೋರಬೇಕೆಂದು ಚಕ್ರವರ್ತಿಗೆ ತಿಳಿಸಿದವರೂ ಇವರೇ. ಎರಡು ದಿನಗಳ ನಂತರ ಲುಡೆನ್‌ಡಾರ್ಫ್ ತಮ್ಮ ಅಧಿಕಾರಿಗಳೆದುರು ಲೆಕ್ಕಾಚಾರವನ್ನು ಬಿಚ್ಚಿಟ್ಟರು: ಈ ಸ್ಥಿತಿಗೆ ಯಾರು ಕಾರಣರೆಂದು ತಾವು ಭಾವಿಸಿದ್ದರೋ ಆ ರಾಜಕೀಯ ವಲಯಗಳನ್ನೇ ಸರ್ಕಾರಕ್ಕೆ ತರಬೇಕು, ಸಂಧಾನವನ್ನು ಅವರ ಕೈಯಿಂದಲೇ ಮಾಡಿಸಬೇಕು. ಹೀಗೆ ಸಂಸದೀಯ ಸರ್ಕಾರಕ್ಕೆ ಬಾಗಿಲು ತೆರೆದುಕೊಂಡದ್ದು ಸೋಲಿನ ಹೊರೆಯನ್ನು ಹೊರಲು ಒಂದು ಹೆಗಲು ಬೇಕಾಗಿದ್ದಾಗ. ಕೊಂಪಿಯೆನ್‌ನಲ್ಲಿದ್ದ ನಿಯೋಗಕ್ಕೆ, ಷರತ್ತುಗಳು ಸಡಿಲಗೊಳ್ಳದಿದ್ದರೂ ಸಹಿ ಹಾಕಿ ಎಂಬ ಸಂದೇಶ ಬಂದದ್ದೂ ಸೇನಾ ಕೇಂದ್ರದಿಂದಲೇ.

ಆದರೂ ಆ ನವೆಂಬರನ್ನು ಸೇನಾಧಿಪತಿಗಳ ತಂತ್ರವೆಂದಷ್ಟೇ ಕಂಡರೆ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಗೆಲ್ಲಲಾಗದ ಕೊನೆಯ ಕದನಕ್ಕೆ ಹಡಗು ಹೊರಡಿಸಲು ನಾವಿಕರು ನಿರಾಕರಿಸಿದರು. ನವೆಂಬರ್ ಮೊದಲ ವಾರ ಕೀಲ್ ಬಂದರಿನಲ್ಲಿ ಹೊತ್ತಿಕೊಂಡ ಬಂಡಾಯ ಊರಿಂದೂರಿಗೆ ಹಬ್ಬಿತು. ಕಾರ್ಮಿಕರ ಮತ್ತು ಸೈನಿಕರ ಮಂಡಳಿಗಳು ಎದ್ದುನಿಂತವು. ನವೆಂಬರ್ 9ರಂದು ಬರ್ಲಿನ್‌ನಲ್ಲಿ ಷೈಡೆಮನ್ ಗಣರಾಜ್ಯವನ್ನು ಘೋಷಿಸಿದರು. ಮರುದಿನ ಚಕ್ರವರ್ತಿ ಹಾಲೆಂಡಿಗೆ ಪಲಾಯನ ಮಾಡಿದರು. ಅದೇ ತಿಂಗಳಲ್ಲಿ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕೂ ದುಡಿಯುವವರಿಗೆ ಎಂಟು ಗಂಟೆಗಳ ದಿನವೂ ದೊರೆತವು. 1916-17ರ ಚಳಿಗಾಲವನ್ನು ಟರ್ನಿಪ್ ಗಡ್ಡೆ ತಿಂದು ಕಳೆದಿದ್ದ, ಸುಮಾರು 20 ಲಕ್ಷ ಸೈನಿಕರನ್ನು ಕಳೆದುಕೊಂಡಿದ್ದ ಜನಸಮುದಾಯ ಇವನ್ನು ಯಾರ ಭಿಕ್ಷೆಯಾಗಿಯೂ ಪಡೆಯಲಿಲ್ಲ.

ಇಷ್ಟೆಲ್ಲ ಪಡೆದ ಜನರೇ ಮುಂದೆ ಒಂದು ಸುಳ್ಳನ್ನು ನಂಬಿದ್ದೇಕೆ? ಯುದ್ಧಕಾಲದ ಸೆನ್ಸಾರು ಅವರಿಗೆ ಗೆಲುವಿನ ಸುದ್ದಿಯನ್ನಷ್ಟೇ ಉಣಬಡಿಸಿತ್ತು. 1918ರ ಮಾರ್ಚ್‌ನಲ್ಲಿ ರಷ್ಯಾ ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದಕ್ಕೆ ತಲೆಬಾಗಿತ್ತು. ಕದನವಿರಾಮದ ದಿನ ಜರ್ಮನ್ ಸೇನೆ ಇನ್ನೂ ಬೆಲ್ಜಿಯಮ್ಮಿನ, ಫ್ರಾನ್ಸಿನ ನೆಲದ ಮೇಲಿತ್ತು. ಮನೆಯಂಗಳಕ್ಕೆ ಶತ್ರು ಬಾರದಿದ್ದಾಗ ಸೋತೆವೆಂದು ನಂಬುವುದು ಹೇಗೆ? ಜನರಿಗೆ ಸತ್ಯ ಹೇಳಬೇಕಾಗಿದ್ದವರು ಹೊಸ ಸರ್ಕಾರದವರು. ಆದರೆ ಡಿಸೆಂಬರ್ 10ರಂದು ಬರ್ಲಿನ್‌ಗೆ ಮರಳಿದ ತುಕಡಿಗಳನ್ನು ಸ್ವಾಗತಿಸುತ್ತ, ಯಾವ ಶತ್ರುವೂ ನಿಮ್ಮನ್ನು ಜಯಿಸಲಿಲ್ಲ ಎಂಬರ್ಥದ ಮಾತನ್ನಾಡಿದವರು ಸೋಷಿಯಲ್ ಡೆಮಾಕ್ರಟಿಕ್ ನಾಯಕ ಫ್ರೀಡ್ರಿಖ್ ಎಬರ್ಟ್. ದಣಿದು ಬಂದವರಿಗೆ ಹೇಳಿದ ಸಾಂತ್ವನ ಅದು. ಆದರೆ ಯಾರೂ ಜಯಿಸದ ಸೇನೆ ಸೋತದ್ದು ಹೇಗೆ ಎಂಬ ಪ್ರಶ್ನೆಯನ್ನು ಅದು ಬಾಕಿ ಉಳಿಸಿತು.

ಆ ಪ್ರಶ್ನೆಗೆ ಬಲಪಂಥ ಉತ್ತರವನ್ನು ಸಿದ್ಧಪಡಿಸಿತು. 1919ರ ನವೆಂಬರ್ 18ರಂದು ಸಂಸತ್ತಿನ ವಿಚಾರಣಾ ಸಮಿತಿಯೆದುರು ಹಿಂಡನ್‌ಬರ್ಗ್, ಸೇನೆಗೆ ಬೆನ್ನಿಗೆ ಚೂರಿ ಹಾಕಲಾಯಿತು ಎಂಬ ಮಾತನ್ನು ಇಂಗ್ಲಿಷ್ ಸೇನಾಧಿಕಾರಿಯೊಬ್ಬರ ಹೆಸರಿನಲ್ಲಿ ನುಡಿದರು. ಸತ್ಯವನ್ನು ಹುಡುಕಲು ಕಟ್ಟಿದ ವೇದಿಕೆಯೇ ಸುಳ್ಳಿನ ಧ್ವನಿವರ್ಧಕವಾಯಿತು. ಚೂರಿ ಯಾರ ಕೈಯಲ್ಲಿತ್ತು? ಮುಷ್ಕರ ಹೂಡಿದ ಕಾರ್ಮಿಕರು, ಸಮಾಜವಾದಿಗಳು, ಯಹೂದಿಗಳು ಎಂದು ಪಟ್ಟಿ ಬೆಳೆಯಿತು. ಆ ಯುದ್ಧದಲ್ಲಿ ಜರ್ಮನಿಗಾಗಿ ಪ್ರಾಣತೆತ್ತ ಸುಮಾರು 12 ಸಾವಿರ ಯಹೂದಿ ಸೈನಿಕರ ಸಾವೂ ಸಾಕ್ಷ್ಯವೆನಿಸಲಿಲ್ಲ.

ಸುಳ್ಳು ಮಾತಿನಲ್ಲಿಯೇ ನಿಲ್ಲಲಿಲ್ಲ. ಯುದ್ಧದ ಮೂಲವನ್ನು ಕುರಿತ ಸರ್ಕಾರಿ ದಾಖಲೆಗಳನ್ನು ಬಹಿರಂಗಪಡಿಸಿದ ಬವೇರಿಯಾದ ಪ್ರಧಾನಿ ಕುರ್ಟ್ ಐಸ್ನರ್ 1919ರ ಫೆಬ್ರವರಿಯಲ್ಲಿ ಗುಂಡಿಗೆ ಬಲಿಯಾದರು. 1921ರ ಆಗಸ್ಟ್ 26ರಂದು, ಕಪ್ಪುಕಾಡಿನ ಹಾದಿಯಲ್ಲಿ ನಡೆದು ಹೋಗುತ್ತಿದ್ದ ಎರ್ಜ್‌ಬರ್ಗರ್ ಅವರನ್ನು ಇಬ್ಬರು ಮಾಜಿ ಸೇನಾಧಿಕಾರಿಗಳು ಕೊಂದರು. ಸಹಿಯ ಬೆಲೆಯನ್ನು ಅವರು ಪ್ರಾಣದಿಂದ ತೆತ್ತರು.

ಎಮಿಲ್ ಗುಂಬೆಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಇಂಥ ಕೊಲೆಗಳನ್ನು ಒಂದೊಂದಾಗಿ ಲೆಕ್ಕವಿಟ್ಟರು. 1922ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಪ್ರಕಾರ, ನಾಲ್ಕು ವರ್ಷಗಳಲ್ಲಿ ಬಲಪಂಥೀಯರು ಮಾಡಿದ ರಾಜಕೀಯ ಕೊಲೆಗಳು 354, ಎಡಪಂಥೀಯರು ಮಾಡಿದವು 22. ಆ 354ರಲ್ಲಿ 326ಕ್ಕೆ ಯಾವ ಶಿಕ್ಷೆಯೂ ಆಗಿರಲಿಲ್ಲ. ಆ 22ರಲ್ಲಿ ಶಿಕ್ಷೆಯಾಗದೆ ಉಳಿದವು ನಾಲ್ಕು ಮಾತ್ರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತಿಗೆ ನ್ಯಾಯಾಲಯಗಳ ಈ ಕಡತಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅರಸೊತ್ತಿಗೆ ಹೋಗಿತ್ತು, ಅರಸನ ನ್ಯಾಯಾಧೀಶರು ಪೀಠದಲ್ಲಿಯೇ ಇದ್ದರು. ಗುಂಬೆಲ್ 1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡರು; ಫ್ರಾನ್ಸಿನಲ್ಲಿ, ಬಳಿಕ ಅಮೆರಿಕದಲ್ಲಿ ದೇಶಭ್ರಷ್ಟರಾಗಿ ಬದುಕಿ 1966ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಕೊಂಪಿಯೆನ್‌ಗೆ ಹೋಗದ ಹಿಂಡನ್‌ಬರ್ಗ್ ಅವರನ್ನು 1925ರಲ್ಲಿ ಜರ್ಮನಿ ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಸೋಲಿನ ಕಾಗದಕ್ಕೆ ಸಹಿ ಹಾಕದ ಆ ಕೈ 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಹುದ್ದೆಗೆ ನೇಮಿಸಿತು. ನಾಲ್ಕೇ ವಾರಗಳಲ್ಲಿ, ಫೆಬ್ರವರಿ 28ರಂದು, ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಸುಗ್ರೀವಾಜ್ಞೆಗೂ ಸಹಿ ಹಾಕಿತು.

ಸಭಿಕರೇ, ವೈಮಾರ್ ಗಣರಾಜ್ಯದ ಪತನಕ್ಕೆ ಹಣದುಬ್ಬರ, ನಿರುದ್ಯೋಗ, ಎಡಪಕ್ಷಗಳ ಒಡಕು ಎಂದು ಕಾರಣಗಳು ಹಲವು. ಆದರೆ ಆ ಗಣರಾಜ್ಯದ ಬುನಾದಿಯಲ್ಲಿಯೇ ಹೇಳದೆ ಉಳಿದ ಸತ್ಯವೊಂದಿತ್ತು. ದಾಖಲೆಗಳನ್ನು ತೆರೆದಿಟ್ಟು, ಯುದ್ಧ ನಡೆಸಿದವರನ್ನು ಜನರೆದುರು ನಿಲ್ಲಿಸಿ, ಈ ಸೋಲು ನಿಮ್ಮದು ಎಂದು ಹೇಳುವ ಕೆಲಸವನ್ನು ಶಾಂತಿಯ ಹೆಸರಿನಲ್ಲಿ, ಸುವ್ಯವಸ್ಥೆಯ ಹೆಸರಿನಲ್ಲಿ ಮುಂದೂಡಲಾಯಿತು. ಮುಂದೂಡಿದ್ದು ಬಡ್ಡಿಸಮೇತ ಮರಳಿ ಬಂತು. ಯಾವ ದೇಶದಲ್ಲಿಯೇ ಆಗಲಿ, ಸೇನೆಯನ್ನು ಪ್ರಶ್ನಿಸಿದವರೆಲ್ಲ ದ್ರೋಹಿಗಳೆಂಬ ಕೂಗೆದ್ದಾಗ ಕೇಳಬೇಕಾದ ಪ್ರಶ್ನೆ ಇದು: ತೀರ್ಮಾನ ಕೈಗೊಂಡವರು ಯಾರು, ಈಗ ಅದರ ಹೊಣೆ ಹೊರುತ್ತಿರುವವರು ಯಾರು?

1918ರ ಪಾಠ ಗೆದ್ದವರ ನೆನಪಿನಲ್ಲಿತ್ತು. 1945ರ ಮೇ ತಿಂಗಳಲ್ಲಿ ಜರ್ಮನಿ ಎರಡನೆಯ ಬಾರಿ ಸೋತಾಗ, ಬರ್ಲಿನ್‌ನ ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ ಶರಣಾಗತಿಯ ಪತ್ರವನ್ನು ಫೀಲ್ಡ್ ಮಾರ್ಷಲ್ ಕೈಟೆಲ್ ಅವರ ಮುಂದೆ ಇಡಲಾಯಿತು. ಈ ಸಲ ಸಹಿ ಹಾಕಿದವರು ಯುದ್ಧವನ್ನು ನಡೆಸಿದವರೇ.