ಮೇ 5ರಿಂದ ಜನವರಿ 13ಕ್ಕೆ: ರಷ್ಯಾದ ಪತ್ರಕರ್ತರ ಹಬ್ಬ

ಸೋವಿಯತ್ ಒಕ್ಕೂಟದಲ್ಲಿ ಗಣಿ ಕಾರ್ಮಿಕರಿಗೊಂದು ದಿನ, ಶಿಕ್ಷಕರಿಗೊಂದು ದಿನ, ರೈಲ್ವೆಯವರಿಗೊಂದು ದಿನ, ಹೀಗೆ ಕಸುಬಿಗೊಂದು ಹಬ್ಬವಿತ್ತು. ಪತ್ರಕರ್ತರ ಪಾಲಿಗೆ ಬಂದದ್ದು ಮೇ 5. 1912ರ ಆ ದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕ್ರಾಂತಿಕಾರಿ ಬೋಲ್ಷೆವಿಕ್ ಪಕ್ಷದ 'ಪ್ರಾವ್ದಾ' ಪತ್ರಿಕೆ ಹುಟ್ಟಿತ್ತು.

ಶುರುವಿನಲ್ಲಿ ಇದು ಬಂಡಾಯಗಾರರ ಹಬ್ಬ. ಕಾರ್ಮಿಕರು ಕೊಟ್ಟ ಚಿಲ್ಲರೆ ಕಾಸಿನಿಂದ ಪತ್ರಿಕೆ ನಡೆಯುತ್ತಿತ್ತು. ಝಾರ್ ದೊರೆಯ ಪೊಲೀಸರು ಮುಚ್ಚಿಸಿದರೆ ಹೆಸರನ್ನು ತುಸು ಬದಲಿಸಿಕೊಂಡು ಮತ್ತೆ ಅಚ್ಚಾಗುತ್ತಿತ್ತು. 1914ರಲ್ಲಿ ಅದರ ಎರಡನೇ ವರ್ಷದ ನೆನಪಿಗೆ ಕಾರ್ಮಿಕ ಪತ್ರಿಕಾ ದಿನ ಮಾಡಿ ಚಂದಾ ಎತ್ತಿದರು. ಪತ್ರಕರ್ತನೆಂದರೆ ಜೈಲಿಗೆ ಅಂಜದವನು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತದ್ದು ಹೀಗೆ.

1917ರಲ್ಲಿ ಅದೇ ಬೋಲ್ಷೆವಿಕರು ಗದ್ದುಗೆ ಏರಿದರು; ಬೆನ್ನಲ್ಲೇ ವಿರೋಧಿ ಪತ್ರಿಕೆಗಳನ್ನು ಮುಚ್ಚಿಸುವ ಆಜ್ಞೆ ಹೊರಡಿಸಿದರು. ಹಬ್ಬ ಮಾತ್ರ ಉಳಿಯಿತು, ಸರ್ಕಾರಿ ಸಮಾರಂಭವಾಗಿ ಬೆಳೆಯಿತು. ಭಾಷಣ, ಪದಕ, ಸಂಪಾದಕೀಯ ಎಲ್ಲದರಲ್ಲೂ ಒಂದೇ ರಾಗ: ಪತ್ರಕರ್ತ ಪಕ್ಷದ ಸಿಪಾಯಿ. 1959ರಲ್ಲಿ ಸೋವಿಯತ್ ಪತ್ರಕರ್ತರ ಸಂಘ ಸ್ಥಾಪನೆಯಾದಾಗ ಸೋವಿಯತ್ ನಾಯಕ ಕ್ರುಶ್ಚೇವ್ ಪತ್ರಕರ್ತರನ್ನು ಪಕ್ಷದ ಕೈಕೆಳಗಿನ ನಿಷ್ಠಾವಂತ ಸಹಾಯಕರೆಂದು ಬಣ್ಣಿಸಿದರು. ಹೊಗಳಿಕೆಯೇನೋ ಹೌದು. ಆದರೆ ಇಂಥ ಹೊಗಳಿಕೆಯನ್ನು ಹೊತ್ತು ಓದುಗರ ಮುಂದೆ ನಿಲ್ಲುವುದು ಸುಲಭವಲ್ಲ.

ಆದರೂ ಜನ ಪತ್ರಿಕೆಯನ್ನು ಪೂರ್ತಿ ಕೈಬಿಡಲಿಲ್ಲ. ಕಾರ್ಖಾನೆಯಿಂದ, ಹಳ್ಳಿಯಿಂದ ಪತ್ರಿಕೆಗೆ ಬರೆಯುವ ಸಾಮಾನ್ಯರ ಒಂದು ದಂಡನ್ನೇ 1920ರ ದಶಕದಲ್ಲಿ ಸರ್ಕಾರ ಬೆಳೆಸಿತ್ತು. ಮೇ 5 ಅವರ ಹಬ್ಬವೂ ಆಗಿತ್ತು. ಮನೆಯ ಛಾವಣಿ ಸೋರುತ್ತದೆ, ಮೇಲಧಿಕಾರಿ ಲಂಚ ಕೇಳುತ್ತಾನೆ ಎಂಬ ದೂರುಗಳು ಪತ್ರಿಕಾ ಕಚೇರಿಗೆ ರಾಶಿ ರಾಶಿ ಬರುತ್ತಿದ್ದವು. ಪತ್ರಿಕೆಯವರು ಕೇಳಿದರೆ ಕಚೇರಿಗಳು ಉತ್ತರ ಕೊಡಬೇಕಿತ್ತು. ಮುಖಪುಟವನ್ನು ನಂಬದವನೂ ದೂರು ಹಿಡಿದು ಅಲ್ಲಿಗೇ ಹೋಗುತ್ತಿದ್ದ. ಆ ಹಬ್ಬ ಮೂಡಿಸಿದ ಚಿತ್ರಗಳಲ್ಲಿ ನನಗೆ ಹೆಚ್ಚು ನಿಜವೆನಿಸುವುದು ಇದೇ.

1991ರ ಕೊನೆಯಲ್ಲಿ ಒಕ್ಕೂಟ ಮುಳುಗಿತು. ರಷ್ಯಾ ಹಬ್ಬವನ್ನು ಜನವರಿ 13ಕ್ಕೆ ಬದಲಿಸಿತು. 1703ರಲ್ಲಿ, ಇಂದಿನ ಪಂಚಾಂಗದಂತೆ ಆ ದಿನ, ಪೀಟರ್ ದೊರೆಯ ಆಜ್ಞೆಯಿಂದ 'ವೇದೊಮೊಸ್ತಿ' ಪತ್ರಿಕೆಯ ಮೊದಲ ಸಂಚಿಕೆ ಅಚ್ಚಾಗಿತ್ತು. ಮಾಸ್ಕೋದಲ್ಲಿ 400 ಹೊಸ ಫಿರಂಗಿ ಎರಕ ಹೊಯ್ದಿದ್ದಾರೆ ಎಂಬುದೂ ಅದರ ಸುದ್ದಿಗಳಲ್ಲೊಂದು. ಪಕ್ಷದ ಪತ್ರಿಕೆ ಬಿಟ್ಟು ದೊರೆಯ ಪತ್ರಿಕೆ ಹಿಡಿದರು, ಅಷ್ಟೇ! ಸ್ವಾತಂತ್ರ್ಯ ಬಂತೆಂದು ಹೇಳಲು ಹೊರಟವರು ಆರಿಸಿದ ತಾರೀಖು ಇದು.

ಪತ್ರಕರ್ತರು ತಮಗೆ ತಾವೇ ಆರಿಸಿಕೊಂಡ ದಿನ ಇನ್ನೊಂದಿದೆ. ಅದು ಡಿಸೆಂಬರ್ 15, ಕರ್ತವ್ಯದಲ್ಲಿದ್ದಾಗ ಸತ್ತ ಸಹೋದ್ಯೋಗಿಗಳನ್ನು ನೆನೆಯುವ ದಿನ. ಅಂಥವರಲ್ಲೊಬ್ಬರಾದ, ಚೆಚೆನ್ಯಾದ ಯುದ್ಧದ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ ಅನ್ನಾ ಪೊಲಿಟ್ಕೋವ್‌ಸ್ಕಯಾ ಅವರನ್ನು 2006ರಲ್ಲಿ ಮಾಸ್ಕೋದ ಅವರ ಮನೆಯ ಕಟ್ಟಡದಲ್ಲೇ ಗುಂಡಿಕ್ಕಿ ಕೊಂದರು. ರಷ್ಯಾದ ಪತ್ರಕರ್ತರ ಮುಖ ನೋಡಬೇಕೆನ್ನುವವರು ಜನವರಿಯ ಸನ್ಮಾನಗಳ ಪಟ್ಟಿಯನ್ನು ಬದಿಗಿಟ್ಟು ಡಿಸೆಂಬರಿನ ಹೆಸರುಗಳನ್ನು ಓದಲಿ.