ಗುಂಡುತೋಪು ಖಾಲಿ ಜಾಗವಲ್ಲ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಗರದ ಅಂಚಿನಲ್ಲಿರುವ ನಮ್ಮ ಗ್ರಾಮಗಳಲ್ಲಿ ಹೊಲಗಳು ಬಡಾವಣೆಗಳಾಗುತ್ತಿವೆ. ರಸ್ತೆ, ಚರಂಡಿ, ಬೀದಿದೀಪಗಳ ಬೇಡಿಕೆ ಪ್ರತಿ ಸಭೆಗೂ ಬರುತ್ತದೆ. ನೆರಳು ಬೇಕೆಂದು ಅರ್ಜಿ ಬರೆದು ತರುವವರು ವಿರಳ. ಆದ್ದರಿಂದ ಅದನ್ನು ನೆನಪಿಡುವ ಹೊಣೆ ತಮ್ಮದೇ ಆಗಿದೆ.

ನಮ್ಮ ಹಿರಿಯರು ಊರ ಪಕ್ಕದಲ್ಲಿ ಗುಂಡುತೋಪು ಬೆಳೆಸಿದರು. ಮಾವು, ಹಲಸು, ನೇರಳೆ, ಹುಣಸೆ ಮರಗಳ ಆ ನೆರಳು ದಾರಿಹೋಕರಿಗೂ ದನಕರುಗಳಿಗೂ ತಂಗುದಾಣವಾಗಿತ್ತು. ಮರಗಳು ಎಲೆಗಳ ಮೂಲಕ ತೇವವನ್ನು ಹೊರಸೂಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ತರಗೆಲೆ ಹೊದ್ದ ಮಣ್ಣು ಮಳೆನೀರನ್ನು ಇಂಗಿಸಿಕೊಳ್ಳುತ್ತದೆ. ಅದೇ ನೆಲಕ್ಕೆ ಕಾಂಕ್ರೀಟು ಹಾಸಿದರೆ ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಕೂಲಿ ಕುಟುಂಬದ ಮಕ್ಕಳಿಗೆ ಇಂದಿಗೂ ತೋಪೇ ಅಂಗಳ.

ಆದರೆ ಪಹಣಿಯಲ್ಲಿ ಗುಂಡುತೋಪು ಎಂದಿರುವುದು ಸಭೆಯ ಚರ್ಚೆಯಲ್ಲಿ ಬಹುಬೇಗ 'ಖಾಲಿ ಜಾಗ'ವಾಗುತ್ತದೆ. ಸಮುದಾಯ ಭವನಕ್ಕೆ, ಮಳಿಗೆಗೆ, ಕಸ ವಿಲೇವಾರಿಗೆ ಎಂದು ಬರುವ ಕೋರಿಕೆಗಳು ನ್ಯಾಯವಾದವೇ ಇರಬಹುದು. ಒಮ್ಮೆ ಕೊಟ್ಟ ತೋಪು ಮಾತ್ರ ಮರಳಿ ಬಾರದು.

ಈ ವಿಷಯದಲ್ಲಿ ಕಾನೂನು ನಮ್ಮ ಬೆಂಬಲಕ್ಕಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಗ್ರಾಮಸ್ಥರ ಉಪಯೋಗಕ್ಕೆ ಮರಳಿಸಲು ಯೋಜನೆ ರೂಪಿಸಬೇಕೆಂದು ಅದೇ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು.

ಆದ್ದರಿಂದ ತಾವು ಕೈಗೊಳ್ಳಬೇಕಾದ ಕಾರ್ಯಗಳಿವು:

1. ಗುಂಡುತೋಪುಗಳ ಸರ್ವೆ ಮಾಡಿಸಿ, ಗಡಿ ಗುರುತಿಸಿ, ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಿಸುವುದು.

2. ಬಡಾವಣೆ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗವು ವಿಧಿವತ್ತಾಗಿ ಸ್ಥಳೀಯ ಸಂಸ್ಥೆಯ ವಶಕ್ಕೆ ಬಂದಿದೆಯೇ ಎಂದು ಪರಿಶೀಲಿಸುವುದು.

3. ನಿತ್ಯ ನೀರು ಬೇಡುವ ಹುಲ್ಲುಹಾಸಿನ ಬದಲು ಹೊಂಗೆ, ಬೇವು, ನೇರಳೆ, ಅರಳಿ ಸಸಿಗಳನ್ನು ನೆಡುವುದು. ಕನಿಷ್ಠ ಮೂರು ಬೇಸಿಗೆ ನೀರುಣಿಸಲು ವಾರ್ಷಿಕ ಯೋಜನೆಯಲ್ಲಿಯೇ ಹಣ ಕಾದಿರಿಸುವುದು.

4. ಜೈವಿಕ ವೈವಿಧ್ಯ ಕಾಯ್ದೆ, 2002ರಂತೆ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಉಸ್ತುವಾರಿ ವಹಿಸುವುದು.

ಸಸಿ ನೆಡುವುದು ಒಂದು ದಿನದ ಕೆಲಸ. ಉಳಿಸುವುದು ವರ್ಷಗಳ ಕೆಲಸ. ಹುಲಿಕಲ್–ಕುದೂರು ರಸ್ತೆಯ ಆಲದ ಸಾಲು ಉಳಿದಿರುವುದು ಸಾಲುಮರದ ತಿಮ್ಮಕ್ಕ ದಂಪತಿ ಕೊಡಗಳಲ್ಲಿ ನೀರು ಹೊತ್ತುದರಿಂದ. ಅವರಿಗೆ ಅನುದಾನವಿರಲಿಲ್ಲ, ನಮಗೆ ಅಧಿಕಾರವೂ ಅನುದಾನವೂ ಇವೆ.

ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ತಮ್ಮ ಊರ ತೋಪಿನ ವಿಷಯವನ್ನು ಸೇರಿಸಬೇಕೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.